ಜೂನ್‌ನಲ್ಲಿ ಶುಲ್ಕ, ಮಾರ್ಚ್‌ನಲ್ಲಿ ವಿದ್ಯಾರ್ಥಿವೇತನ

"ಸರ್ಕಾರ ಇಷ್ಟೆಲ್ಲ ಕೊಡುತ್ತಿದೆ, ಆದರೂ ಬಡವರ ಮಕ್ಕಳು ಕಾಲೇಜು ಬಿಟ್ಟು ಗುಳೆ ಹೋಗುತ್ತಾರೆ, ಅವರಿಗೆ ಓದುವ ಮನಸ್ಸೇ ಇಲ್ಲ" ಎಂಬ ಮಾತು ಈಚಿನ ವರ್ಷಗಳಲ್ಲಿ ವಿದ್ಯಾವಂತರ ಬಾಯಿಂದಲೇ ಹೆಚ್ಚಾಗಿ ಕೇಳಿಬರುತ್ತಿದೆ. ಮದುವೆಯ ಪಂಕ್ತಿಯಲ್ಲಿ ಕೇಳಿದ್ದೇನೆ. ಭಾನುವಾರದ ಬಲಿಪೂಜೆ ಮುಗಿದು ಜನ ದೇವಾಲಯದ ಅಂಗಳದಲ್ಲಿ ನಿಂತು ಮಾತನಾಡುವಾಗಲೂ ಕೇಳಿದ್ದೇನೆ. ಹೀಗೆ ಹೇಳುವವರು ಸಾಮಾನ್ಯವಾಗಿ ತಿಂಗಳ ಸಂಬಳದವರು. ಸರ್ಕಾರ ಕೊಡುತ್ತದೆ ಎಂಬುದು ಅವರಿಗೆ ಗೊತ್ತು. ಯಾವ ತಿಂಗಳಲ್ಲಿ ಕೊಡುತ್ತದೆ ಎಂಬುದನ್ನು ಅವರು ವಿಚಾರಿಸಿದವರಲ್ಲ. ನನ್ನ ತಕರಾರು ಇರುವುದು ಆ ತಿಂಗಳ ಬಗೆಗೆ.

ಉನ್ನತ ಶಿಕ್ಷಣಕ್ಕೆ ನೆರವೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವು 1944ರಿಂದ, ಅಂದರೆ ಸ್ವಾತಂತ್ರ್ಯಕ್ಕೂ ಮುಂಚಿನಿಂದ, ನಡೆದುಬಂದಿದೆ. ವಸತಿನಿಲಯದಲ್ಲಿ ಸ್ಥಳ ಸಿಗದ ಹಿಂದುಳಿದ ವರ್ಗಗಳ ಮಕ್ಕಳ ಊಟ ಮತ್ತು ವಸತಿಗಾಗಿ ನಮ್ಮ ರಾಜ್ಯದಲ್ಲಿ ವಿದ್ಯಾಸಿರಿ ಎಂಬ ಯೋಜನೆಯುಂಟು. ತಿಂಗಳಿಗೆ 1500 ರೂಪಾಯಿಯಂತೆ ಹತ್ತು ತಿಂಗಳು ಕೊಡುವುದೆಂದು ಅದು ಆರಂಭವಾಯಿತು. 2021ರಲ್ಲಿ ರೈತರ ಮಕ್ಕಳಿಗಾಗಿ ರೈತ ವಿದ್ಯಾನಿಧಿ ಬಂದಾಗ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಓದುವ ಹುಡುಗನಿಗೆ ವರ್ಷಕ್ಕೆ 5000, ಹುಡುಗಿಗೆ 5500 ರೂಪಾಯಿ ಎಂದು ನಿಗದಿಯಾಯಿತು. ದ್ವಿತೀಯ ಪಿ.ಯು.ಸಿ.ಯಲ್ಲಿ ತನ್ನ ಮಂಡಳಿಯ ಮೇಲಿನ ಶೇಕಡಾ 20ರೊಳಗೆ ಬಂದ, ಮನೆಯ ವಾರ್ಷಿಕ ಆದಾಯ 4.5 ಲಕ್ಷ ಮೀರದ ವಿದ್ಯಾರ್ಥಿಯು ಕೇಂದ್ರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಆಯ್ಕೆಯಾದರೆ ಪದವಿಯ ಮೂರು ವರ್ಷ ತಲಾ 12,000 ರೂಪಾಯಿ ಬರುತ್ತದೆ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು 2025ರಲ್ಲಿ ಕರ್ನಾಟಕಕ್ಕೂ ವಿಸ್ತರಿಸಿದ ಯೋಜನೆಯಲ್ಲಿ ಪದವಿಗೆ ಸೇರುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿ ದೊರೆಯುತ್ತದೆ. ಹತ್ತನೆಯ ತರಗತಿಯನ್ನೂ ಪಿ.ಯು.ಸಿ.ಯನ್ನೂ ಸರ್ಕಾರಿ ಸಂಸ್ಥೆಯಲ್ಲೇ ಓದಿರಬೇಕೆಂಬುದು ಅದರ ಷರತ್ತು. ಸಾಲ ಮಾಡಿ ಮಗಳನ್ನು ನಮ್ಮ ಕಾನ್ವೆಂಟಿಗೆ ಕಳುಹಿಸಿದ ಕೂಲಿಕಾರರು ಇಲ್ಲಿ ಹೊರಗುಳಿಯುತ್ತಾರೆ. ನಮ್ಮ ಶಾಲೆಗಳ ಪ್ರತಿಷ್ಠೆಯ ಬಗ್ಗೆ ಮಾತನಾಡುವಾಗ ಇದನ್ನೂ ನೆನೆಯುವುದು ಒಳ್ಳೆಯದು.

ಅಂದರೆ ಯೋಜನೆಗಳ ಪಟ್ಟಿ ಚಿಕ್ಕದಲ್ಲ. ಈಗ ನಮ್ಮ ಕಡೆಯ ಪಂಚಾಂಗವನ್ನು ಇದರ ಪಕ್ಕದಲ್ಲಿಟ್ಟು ನೋಡೋಣ.

ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ತಾಲೂಕುಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಸೀಮೆ. ಮಿರಗದ ಮಳೆ ಬಿದ್ದೊಡನೆ ಹೆಸರು, ಶೇಂಗಾ, ಗೋವಿನಜೋಳದ ಬಿತ್ತನೆ. ಬೀಜಕ್ಕೆ, ಗೊಬ್ಬರಕ್ಕೆ, ಟ್ರ್ಯಾಕ್ಟರ್ ಬಾಡಿಗೆಗೆ ಮನೆಯಲ್ಲಿದ್ದ ಕಾಸೆಲ್ಲ ಹೊಲಕ್ಕೆ ಹೋಗುವ ತಿಂಗಳು ಜೂನ್. ಹೆಸರು ಕೈಗೆ ಬಂದು ಗದಗಿನ ಎ.ಪಿ.ಎಂ.ಸಿ. ಕಾಣುವುದು ಶ್ರಾವಣ, ಭಾದ್ರಪದದ ಹೊತ್ತಿಗೆ. ಅದೂ ಮಳೆ ಕೈಕೊಡದಿದ್ದರೆ, ಅಥವಾ ಕೊಯ್ಲಿನ ವೇಳೆಗೆ ಸುರಿದು ಕಾಯಿಯನ್ನು ಮೊಳಕೆ ಒಡೆಸದಿದ್ದರೆ. ಹೊಲವಿಲ್ಲದವರ, ತಾಂಡಾಗಳಿಂದ ಗೋವಾಕ್ಕೆ, ಮಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿ ಮುಂಗಾರಿಗೆ ಊರಿಗೆ ಮರಳುವವರ ಪಾಡು ಇದಕ್ಕಿಂತ ಬೇರೆಯಲ್ಲ. ವರ್ಷದಲ್ಲಿ ಮನೆಯ ಡಬ್ಬಿ ಅತಿ ಬರಿದಾಗಿರುವ ಹೊತ್ತಿಗೆ ಸರಿಯಾಗಿ ಪದವಿ ತರಗತಿಯ ಪ್ರವೇಶ ಆರಂಭವಾಗುತ್ತದೆ. ಪ್ರವೇಶ ಶುಲ್ಕ ಕಟ್ಟಬೇಕು. ಧಾರವಾಡಕ್ಕೆ ಸ್ನಾತಕೋತ್ತರ ಪದವಿಗೆ ಹೊರಟ ಹುಡುಗನಾದರೆ ರೂಮಿನ ಮುಂಗಡ ಕೊಡಬೇಕು, ಮೆಸ್ಸಿಗೆ ಮೊದಲ ತಿಂಗಳ ಹಣ ಇಡಬೇಕು. ಪುಸ್ತಕದ ಮಾತು ಆಮೇಲಿನದು.

ಇನ್ನು ವಿದ್ಯಾರ್ಥಿವೇತನ. ಅದಕ್ಕೆ ಅರ್ಜಿ ಹಾಕಲು ಮೊದಲು ಕಾಲೇಜಿಗೆ ಸೇರಿರಬೇಕು, ಏಕೆಂದರೆ ಅರ್ಜಿಯಲ್ಲಿ ಕಾಲೇಜಿನ ನೋಂದಣಿ ಸಂಖ್ಯೆ ಕೇಳುತ್ತಾರೆ. ಸೇರಬೇಕಾದರೆ ಶುಲ್ಕ ಕಟ್ಟಿರಬೇಕು. ಅರ್ಜಿ ಹಾಕಿದ ಮೇಲೆ ಕಾಲೇಜು ಪರಿಶೀಲಿಸಬೇಕು, ಇಲಾಖೆ ಪರಿಶೀಲಿಸಬೇಕು, ಮಂಜೂರಾಗಬೇಕು, ಹಣ ಬಿಡುಗಡೆಯಾಗಬೇಕು. ನಾನು ಬಲ್ಲ ಮನೆಗಳಲ್ಲಿ ಆ ಹಣ ಖಾತೆಗೆ ಬಿದ್ದದ್ದು ಶೈಕ್ಷಣಿಕ ವರ್ಷದ ಕೊನೆಗೆ. ಕೆಲವರಿಗೆ ಮುಂದಿನ ವರ್ಷದ ಶುಲ್ಕ ಕಟ್ಟಿದ ಮೇಲೆ. ಸರ್ಕಾರಿ ಭಾಷೆಯಲ್ಲಿ ಇದರ ಒಂದು ಭಾಗಕ್ಕೆ ಶುಲ್ಕ ಮರುಪಾವತಿ ಎಂದೇ ಹೆಸರು. ಮರುಪಾವತಿ ಎಂದರೇನು? ಮೊದಲು ನೀನು ಕೊಟ್ಟಿರಬೇಕು. ಬಡವನೆಂಬುದಕ್ಕೆ ಪ್ರಮಾಣಪತ್ರ ತಂದವನು ಎಂಟೊಂಬತ್ತು ತಿಂಗಳ ಮಟ್ಟಿಗೆ ಹಣವಂತನಾಗಿರಬೇಕೆಂದು ಈ ವ್ಯವಸ್ಥೆ ಬಯಸುತ್ತದೆ.

ಆ ಎಂಟು ತಿಂಗಳಲ್ಲಿ ಏನಾಗುತ್ತದೆಂದು ಲೆಕ್ಕ ಹಾಕಿ. ಪ್ರವೇಶಕ್ಕೂ ಮೊದಲ ತಿಂಗಳುಗಳ ಖರ್ಚಿಗೂ ಸೇರಿ 12,000 ರೂಪಾಯಿಯನ್ನು ತಂದೆ ಊರಲ್ಲಿ ನೂರಕ್ಕೆ ಮೂರರ ಬಡ್ಡಿಯಲ್ಲಿ ಎತ್ತಿದನೆನ್ನೋಣ. ತಿಂಗಳಿಗೆ ಬಡ್ಡಿ 360. ಎಂಟು ತಿಂಗಳಿಗೆ 2880. ಕೊನೆಗೆ ಮಗನ ಖಾತೆಗೆ ರೈತ ವಿದ್ಯಾನಿಧಿಯ 5000 ಬಂದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಡ್ಡಿಗೇ ಹೋಯಿತು. ನೂರಕ್ಕೆ ಐದರಂತೆ ತಂದಿದ್ದರೆ ಬಡ್ಡಿ 4800. ಉಳಿದದ್ದು ಇನ್ನೂರು ರೂಪಾಯಿ. ಸರ್ಕಾರದ ಪುಸ್ತಕದಲ್ಲಿ ಆ ಹಣ ವಿದ್ಯಾರ್ಥಿಗೆ ಸಂದಾಯವಾಗಿದೆ. ನಿಜವಾಗಿ ಸಂದಾಯವಾದದ್ದು ಸಾಲ ಕೊಟ್ಟವನಿಗೆ. ತಾಯಂದಿರ ಗುಂಪು ಸಾಲವನ್ನು ಈ ಉದ್ದೇಶಕ್ಕೆ ಬಳಸಿದ ಮನೆಗಳಲ್ಲಿ ವಾರದ ಕಂತು ಬೇರೆ ಬಾಗಿಲಿಗೆ ಬರುತ್ತದೆ. ವಸೂಲಿಯ ಕಿರುಕುಳ ಎಷ್ಟಿತ್ತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರವು ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು.

ಸಾಲವೂ ಸಿಗದ ಮನೆಯ ಹುಡುಗ ಕಾಲೇಜು ಬಿಡುತ್ತಾನೆ. ಅವನು ಬಿಟ್ಟದ್ದಕ್ಕೆ ಓದುವ ಮನಸ್ಸಿಲ್ಲ ಎಂದು ನಾವು ಹೆಸರು ಕೊಡುತ್ತೇವೆ.

"ಸರ್ಕಾರದ ಕೆಲಸ ನಿಧಾನ, ಅದಕ್ಕೇನು ಮಾಡುವುದು?" ಎಂಬ ಸಮಾಧಾನವನ್ನು ನಾನು ಒಪ್ಪುವುದಿಲ್ಲ. ಇದೇ ಸರ್ಕಾರಕ್ಕೆ ಬೇಕೆಂದಾಗ ಸರಿಯಾದ ಹೊತ್ತಿಗೆ ಕೊಡುವುದು ಗೊತ್ತು. ಶಾಲೆಯ ಬಿಸಿಯೂಟ ಮಧ್ಯಾಹ್ನವೇ ಸಿಗುತ್ತದೆ. ಈ ವರ್ಷದ ಹಸಿವಿಗೆ ಬರುವ ವರ್ಷ ಅನ್ನ ಬಡಿಸುವುದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳು ಸರ್ಕಾರಿ ಬಸ್ಸಿನಲ್ಲಿ ಉಚಿತವಾಗಿ ಓಡಾಡುತ್ತಿದ್ದಾರೆ. ಹಳ್ಳಿಯಿಂದ ಗದಗಿಗೆ ಕಾಲೇಜಿಗೆ ಹೋಗಿಬರುವ ಹುಡುಗಿಯರಿಗೆ ಅದರಿಂದ ಆದ ಉಪಕಾರ ಸಣ್ಣದಲ್ಲ. ಆ ಯೋಜನೆಯನ್ನು ವಿದ್ಯಾರ್ಥಿವೇತನದ ರೀತಿಯಲ್ಲಿ ನಡೆಸಿದ್ದರೆ ಹೇಗಿರುತ್ತಿತ್ತೆಂದು ಊಹಿಸಿ: ಹುಡುಗಿ ದಿನವೂ ಟಿಕೆಟ್ ಕೊಳ್ಳಬೇಕು, ಚೀಟಿಗಳನ್ನೆಲ್ಲ ಜೋಪಾನವಾಗಿಟ್ಟು ಆದಾಯ ಪ್ರಮಾಣಪತ್ರದೊಡನೆ ಲಗತ್ತಿಸಬೇಕು, ಕಂಡಕ್ಟರ್ ದೃಢೀಕರಿಸಬೇಕು, ಡಿಪೋ ಮ್ಯಾನೇಜರ್ ಪರಿಶೀಲಿಸಬೇಕು, ಮುಂದಿನ ಮಾರ್ಚಿಯಲ್ಲಿ ಟಿಕೆಟಿನ ದುಡ್ಡು ಮರಳಿ ಬರಬೇಕು. ಎಷ್ಟು ಜನ ಬಸ್ಸು ಹತ್ತುತ್ತಿದ್ದರು? ಬಸ್ಸಿನ ಬಾಗಿಲಲ್ಲಿ ಸಾಧ್ಯವಾದದ್ದು ಕಾಲೇಜಿನ ಬಾಗಿಲಲ್ಲಿ ಏಕೆ ಸಾಧ್ಯವಿಲ್ಲ ಎಂಬುದು ನನ್ನ ಪ್ರಶ್ನೆ. ಪದವಿ ಮುಗಿಸಿಯೂ ಕೆಲಸ ಸಿಗದವರಿಗೆ ಯುವನಿಧಿಯಲ್ಲಿ ತಿಂಗಳಿಗೆ 3000 ರೂಪಾಯಿ ಕೊಡುವ ಯೋಜನೆಯೂ ನಮ್ಮಲ್ಲಿದೆ. ಅದನ್ನು ನಾನು ಹಳಿಯುವುದಿಲ್ಲ. ಆದರೆ ಓದಿ ಮುಗಿಸಿದವನಿಗೆ ತಿಂಗಳು ತಿಂಗಳೂ ಕೊಡಲು ಬಲ್ಲವರು, ಓದುತ್ತಿರುವವನಿಗೆ ವರ್ಷಕ್ಕೊಮ್ಮೆ ತಡವಾಗಿ ಕೊಡುವುದಕ್ಕೆ ಏನು ಕಾರಣ ಹೇಳುತ್ತಾರೆ?

ಅವರು ಹೇಳುವ ಕಾರಣ ಒಂದಿದೆ, ಅದನ್ನು ಎದುರಿಸಲೇಬೇಕು. ಮೋಸ. ಹಣವನ್ನು ಮೊದಲೇ ಕೊಟ್ಟರೆ ಸುಳ್ಳು ವಿದ್ಯಾರ್ಥಿಗಳು ಹುಟ್ಟಿಕೊಳ್ಳುತ್ತಾರೆ ಎಂಬ ಭಯ. ಅಲ್ಪಸಂಖ್ಯಾತರ ವಿದ್ಯಾರ್ಥಿವೇತನದಲ್ಲಿ ಹೀಗಾದದ್ದು ಸುಳ್ಳಲ್ಲ. 2023ರಲ್ಲಿ ಕೇಂದ್ರ ಸಚಿವಾಲಯವು ಪರಿಶೀಲನೆಗೆ ಒಳಪಡಿಸಿದ 1572 ಸಂಸ್ಥೆಗಳಲ್ಲಿ 830 ಸಂಸ್ಥೆಗಳು ನಕಲಿ ಅಥವಾ ನಡೆಯದೇ ಇರುವಂಥವು ಎಂದು ಕಂಡುಬಂದು, 144.83 ಕೋಟಿ ರೂಪಾಯಿ ನಷ್ಟದ ದೂರು ಸಿ.ಬಿ.ಐ.ಗೆ ಹೋಯಿತು. ಆದರೆ ಒಂದು ಮಾತನ್ನು ಗಮನಿಸಿ. ಆ ಮೋಸ ನಡೆದದ್ದು ಇಷ್ಟೆಲ್ಲ ಕಾಗದ, ಇಷ್ಟೆಲ್ಲ ಪರಿಶೀಲನೆ, ಇಷ್ಟೆಲ್ಲ ತಡ ಇದ್ದಾಗಲೇ. ವಿಳಂಬವು ಕಳ್ಳನನ್ನು ತಡೆಯಲಿಲ್ಲ. ಅವನಿಗೆ ಬಾಡಿಗೆಯ ಚಿಂತೆ ಇರಲಿಲ್ಲ, ಕಾಯಬಲ್ಲವನಾಗಿದ್ದ. ಕಾಯಲಾರದವಳು ಮಾತ್ರ ಕಾಲೇಜು ಬಿಟ್ಟಳು. ಅಲ್ಲದೆ ಸಹಿ ಹಾಕಿದವರು ಸಂಸ್ಥೆಗಳ ದೊಡ್ಡವರು, ಮಕ್ಕಳಲ್ಲ. ಈ ಹಗರಣ ಬೆಳಕಿಗೆ ಬರುವ ಮೊದಲೇ, 2022ರಲ್ಲಿ, ಒಂದರಿಂದ ಎಂಟನೆಯ ತರಗತಿಯ ಅಲ್ಪಸಂಖ್ಯಾತ ಮಕ್ಕಳ ವೇತನವನ್ನು ಕೇಂದ್ರವು ಕೈಬಿಟ್ಟಿತ್ತು, ಪಿಎಚ್.ಡಿ. ಸಂಶೋಧಕರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ಪನ್ನೂ ಅದೇ ವರ್ಷ ನಿಲ್ಲಿಸಿತು. ಹೀಗೆ ಬಾಗಿಲುಗಳು ಒಂದೊಂದಾಗಿ ಮುಚ್ಚುವಾಗ ಉಳಿದ ಬಾಗಿಲಾದರೂ ಹೊತ್ತಿಗೆ ತೆರೆಯಲಿ ಎಂದು ಕೇಳುವುದು ಅತಿಯಾಸೆಯೇ?

ಇಲ್ಲಿ ನಮ್ಮ ಸಭೆಯೊಳಗಿನ ಒಂದು ನೋವನ್ನೂ ಹೇಳಬೇಕು. ದಲಿತ ಕುಟುಂಬದ ಕ್ರೈಸ್ತ ವಿದ್ಯಾರ್ಥಿಗೆ 1944ರ ಆ ಹಳೆಯ ಯೋಜನೆಯ ಬಾಗಿಲು ತೆರೆಯುವುದಿಲ್ಲ. 1950ರ ರಾಷ್ಟ್ರಪತಿಗಳ ಆದೇಶವು ಪರಿಶಿಷ್ಟ ಜಾತಿಯ ಸ್ಥಾನವನ್ನು ಮತಕ್ಕೆ ಕಟ್ಟಿಹಾಕಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ಸಡಿಲವಾಯಿತು, ಕ್ರೈಸ್ತರಿಗೆ ಮತ್ತು ಮುಸಲ್ಮಾನರಿಗೆ ಆಗಿಲ್ಲ. ಕರ್ನಾಟಕದಲ್ಲಿ ಇಂಥವರನ್ನು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿಯೂ ಉಳಿದ ಕ್ರೈಸ್ತರನ್ನು 3ಬಿಯಲ್ಲಿಯೂ ಸೇರಿಸಿದ್ದಾರೆ. ಈ ವ್ಯತ್ಯಾಸವೇ ತಿಳಿಯದೆ ತಪ್ಪು ಪ್ರವರ್ಗದ ಪತ್ರ ಮಾಡಿಸಿಕೊಂಡು ವರ್ಷಗಟ್ಟಲೆ ನಷ್ಟಪಟ್ಟ ಕುಟುಂಬಗಳುಂಟು. ನ್ಯಾಯಾಲಯದ ಹೋರಾಟ ಅದರ ಪಾಡಿಗೆ ನಡೆಯಲಿ. ಅಷ್ಟರಲ್ಲಿ ಪ್ರವರ್ಗವನ್ನಾದರೂ ಸರಿಯಾಗಿ ಬರೆಸೋಣ.

ಪ್ರಮಾಣಪತ್ರದ ಮಾತು ಬಂದಿದ್ದರಿಂದ ಮನೆಯವರ ಕಡೆಗೂ ತಿರುಗುತ್ತೇನೆ. ಜೂನ್ ಬಂತೆಂದರೆ "ಫಾದರ್, ಒಂದು ಪತ್ರ ಬರೆದು ಕೊಡ್ರಿ" ಎಂದು ತಂದೆತಾಯಂದಿರು ಬರುತ್ತಾರೆ. ಧರ್ಮಗುರುವಿನ ಪತ್ರಕ್ಕೆ ರಾಜ್ಯದ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ, ಎಲ್ಲರೂ ಎಸ್.ಎಸ್.ಪಿ. ಎನ್ನುವ ಆ ಜಾಲತಾಣದಲ್ಲಿ, ಹಾಕಲು ಜಾಗವೇ ಇಲ್ಲ. ಅಲ್ಲಿ ಕೇಳುವುದು ಆಧಾರ್, ಎಸ್.ಎಸ್.ಎಲ್.ಸಿ. ನೋಂದಣಿ ಸಂಖ್ಯೆ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್.ಡಿ. ಸಂಖ್ಯೆ, ಕಾಲೇಜಿನ ವಿವರ. ಬ್ಯಾಂಕ್ ಖಾತೆಯ ಸಂಖ್ಯೆಯನ್ನು ಕೇಳುವುದಿಲ್ಲ, ಏಕೆಂದರೆ ಹಣವು ಆಧಾರ್‌ಗೆ ಜೋಡಣೆಯಾದ ಖಾತೆಗೆ ತಾನಾಗಿ ಹೋಗುತ್ತದೆ. ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟ ಮಾತ್ರಕ್ಕೆ ಈ ಜೋಡಣೆ ಆಗಿದೆಯೆಂದು ತಿಳಿಯಬೇಡಿ. ಸರ್ಕಾರದ ನೇರ ಪಾವತಿಗೆ ಜೋಡಿಸಿ ಎಂದು ಬೇರೆಯಾಗಿ ಬರೆದು ಕೊಡಬೇಕು, ಬ್ಯಾಂಕಿನವರು ಎನ್.ಪಿ.ಸಿ.ಐ. ಮ್ಯಾಪಿಂಗ್ ಎನ್ನುತ್ತಾರೆ. ಎರಡು ಮೂರು ಖಾತೆಗಳಿದ್ದರೆ ಕೊನೆಗೆ ಯಾವುದಕ್ಕೆ ಜೋಡಿಸಿದ್ದಾರೋ ಅದಕ್ಕೇ ಹಣ ಬೀಳುತ್ತದೆ. ಮೊಬೈಲ್ ಸಿಮ್ ಕೊಳ್ಳುವಾಗ ಯಾರೋ ತೆರೆದುಕೊಟ್ಟ, ಮನೆಯವರಿಗೆ ನೆನಪೇ ಇಲ್ಲದ ಖಾತೆಗೆ ವೇತನ ಹೋಗಿ ಕೂತ ಪ್ರಸಂಗಗಳನ್ನು ಕಂಡಿದ್ದೇನೆ.

ಇನ್ನೊಂದು ತೊಡಕು ಕ್ರೈಸ್ತ ಮನೆಗಳದೇ ವಿಶೇಷ. ಹೆಸರು. ಜ್ಞಾನಸ್ನಾನದ ದಾಖಲೆಯಲ್ಲಿ ಮರಿಯ ಫಿಲೋಮಿನಾ, ಶಾಲೆಯಲ್ಲಿ ಫಿಲೋಮಿನಾ ಜೊತೆಗೆ ತಂದೆಯ ಹೆಸರು, ಆಧಾರ್‌ನಲ್ಲಿ ಬರೆದವನಿಗೆ ಕೇಳಿಸಿದಂತೆ ಪಿಲಮಿನ, ಬ್ಯಾಂಕಿನಲ್ಲಿ ಮನೆತನದ ಹೆಸರು ಸೇರಿ ಮತ್ತೊಂದು. ಮನೆಯಲ್ಲಿ ಕರೆಯುವುದು ಪಿಲ್ಲಿ. ಸಂತರ ಹೆಸರನ್ನು ಗುಮಾಸ್ತರು ಹೇಗೆ ಬರೆದರೂ ಸಂತರಿಗೆ ಕೋಪವಿಲ್ಲ, ಆದರೆ ಗಣಕಯಂತ್ರಕ್ಕೆ ಆ ಉದಾರತೆ ಇಲ್ಲ. ಒಂದು ಅಕ್ಷರ ಬೇರೆಯಾದರೆ ಅರ್ಜಿ ನಿಲ್ಲುತ್ತದೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಹೆಸರನ್ನೇ ಮೂಲವೆಂದು ಹಿಡಿದು ಉಳಿದವನ್ನು ಅದಕ್ಕೆ ಸರಿಹೊಂದಿಸುವುದು ಪಿ.ಯು. ಮೊದಲ ವರ್ಷದಲ್ಲೇ ಆಗಬೇಕಾದ ಕೆಲಸ. ನಾಡಕಚೇರಿಯ ಆದಾಯ ಪತ್ರಕ್ಕೆ ಅವಧಿಯುಂಟೆಂಬುದನ್ನು ಮರೆತು, ಅರ್ಜಿಯ ಕೊನೆಯ ವಾರದಲ್ಲಿ ಸರದಿಯಲ್ಲಿ ನಿಲ್ಲುವುದೂ ಬೇಡ. ರೈತ ಕುಟುಂಬವಾದರೆ ಹೊಲದ ಪಹಣಿ ತಂದೆಯ ಹೆಸರಿಗೆ ಬಂದಿದೆಯೇ, ಫ್ರೂಟ್ಸ್ ಗುರುತಿನ ಸಂಖ್ಯೆ ಆಗಿದೆಯೇ ನೋಡಿಕೊಳ್ಳಿ. ಅಜ್ಜನ ಹೆಸರಿನಲ್ಲೇ ಉಳಿದ ಹೊಲ ಮೊಮ್ಮಗನ ವಿದ್ಯಾನಿಧಿಗೆ ಅಡ್ಡಿಯಾಗಬಹುದು.

ಇಷ್ಟು ಹೇಳುವಾಗಲೂ ನನ್ನ ಮನಸ್ಸಿನಲ್ಲಿ ಒಂದು ಪ್ರತಿಭಟನೆ ಇದ್ದೇ ಇದೆ. ಆದಾಯ ಪತ್ರ ಕೊಟ್ಟದ್ದು ಸರ್ಕಾರ. ಪಹಣಿ ಸರ್ಕಾರದ್ದು. ಎಸ್.ಎಸ್.ಎಲ್.ಸಿ. ಫಲಿತಾಂಶ ಸರ್ಕಾರದ ಮಂಡಳಿಯದು. ಆಧಾರ್ ಸರ್ಕಾರದ್ದು. ತನ್ನದೇ ನಾಲ್ಕು ಕಚೇರಿಗಳ ಕಾಗದವನ್ನು ಹದಿನೆಂಟರ ಹುಡುಗಿಯ ಕೈಯಿಂದ ಹೊರಿಸಿ ಐದನೆಯ ಕಚೇರಿಗೆ ತರಿಸಿಕೊಳ್ಳುವುದು ಯಾವ ಪರಿಶೀಲನೆ? ಪಿ.ಯು. ಫಲಿತಾಂಶ ಬಂದ ದಿನವೇ ಯಾರು ಅರ್ಹರು ಎಂಬ ಪಟ್ಟಿಯನ್ನು ಸರ್ಕಾರ ತಾನೇ ಸಿದ್ಧಪಡಿಸಬಹುದು. ಅಂಥ ವಿದ್ಯಾರ್ಥಿಯನ್ನು ಶುಲ್ಕ ಕೇಳದೆ ಸೇರಿಸಿಕೊಂಡು, ಕಾಲೇಜು ಇಲಾಖೆಯಿಂದ ವಸೂಲು ಮಾಡಿಕೊಳ್ಳಲಿ. ಕಾಯುವ ಶಕ್ತಿ ಸಂಸ್ಥೆಗೆ ಇರುವಷ್ಟು ಕೂಲಿಯವನ ಮನೆಗೆ ಇಲ್ಲ. ಊಟ ವಸತಿಯ ನೆರವಿನ ಮೊದಲ ಕಂತು ಪ್ರವೇಶದ ತಿಂಗಳಲ್ಲೇ ಬರಲಿ. ಧರ್ಮೋಪದೇಶಕಾಂಡದಲ್ಲಿ ಬಡ ಕೂಲಿಯಾಳಿನ ಕೂಲಿಯನ್ನು ಹೊತ್ತು ಮುಳುಗುವ ಮುನ್ನ ಸಲ್ಲಿಸಬೇಕೆಂಬ ಕಟ್ಟಳೆಯಿದೆ. ಎಷ್ಟು ಕೊಡಬೇಕೆಂದು ಅಲ್ಲಿ ಹೇಳಿಲ್ಲ, ಯಾವಾಗ ಕೊಡಬೇಕೆಂದು ಹೇಳಿದೆ. ನಮ್ಮ ಕ್ಷೇತ್ರದ ಶಾಸಕರ ಬಳಿಗೆ ಸಮುದಾಯ ಭವನಕ್ಕೆ ಅನುದಾನ ಕೇಳಲು ಹೋಗುವ ನಿಯೋಗಗಳು ಒಮ್ಮೆಯಾದರೂ ಈ ಬೇಡಿಕೆಯನ್ನು ಹಿಡಿದು ಹೋಗಿದ್ದರೆ ನನಗೆ ತಿಳಿದಿಲ್ಲ.

ಬ್ಯಾಂಕಿನ ಸಾಲದ ದಾರಿಯೊಂದಿದೆ. ಅದರ ಬಗ್ಗೆ ಎರಡು ತಪ್ಪು ತಿಳಿವಳಿಕೆಗಳು ನಮ್ಮಲ್ಲಿವೆ: ಹೊಲ ಮನೆ ಅಡವಿಡದೆ ಸಿಗುವುದಿಲ್ಲ ಎಂಬುದು ಒಂದು, ಕೇಳಿದರೆ ಸಿಕ್ಕೇ ಸಿಗುತ್ತದೆ ಎಂಬುದು ಇನ್ನೊಂದು. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕು ಆಸ್ತಿಯ ಭದ್ರತೆ ಕೇಳುವಂತಿಲ್ಲ. 2015ರಲ್ಲಿ ಬಂದ ಖಾತರಿ ನಿಧಿಯಿಂದ 7.5 ಲಕ್ಷದವರೆಗೂ ಅಡಮಾನವಿಲ್ಲದೆ ಕೊಡಲು ಅವಕಾಶವಾಯಿತು. ಅರ್ಜಿಯನ್ನು ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಿ ಎಂದು ಕೇಳಿ. ಮ್ಯಾನೇಜರರ ತಲೆಯಲ್ಲಾಡಿಸುವಿಕೆಯನ್ನು ಉತ್ತರವೆಂದು ಒಪ್ಪಿಕೊಂಡು ಬರಬೇಡಿ. ವೃತ್ತಿಪರ ಕೋರ್ಸಿಗೆ ಹೋಗುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲವಿದೆ, ಕ್ರೈಸ್ತರೂ ಅದಕ್ಕೆ ಅರ್ಹರು. ಇದನ್ನು ಬಲ್ಲ ನಮ್ಮವರು ಕಡಿಮೆ. ಆದರೆ ಇವೆಲ್ಲ ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್ ಓದುವವರ ಕಡೆಗೆ ವಾಲಿದ ವ್ಯವಸ್ಥೆಗಳು. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿಯಂತೂ ದೇಶದ ಶ್ರೇಯಾಂಕ ಪಡೆದ 860 ಸಂಸ್ಥೆಗಳಿಗೆಂದು ರೂಪುಗೊಂಡದ್ದು. ತಾಲೂಕು ಕೇಂದ್ರದ ಕಾಲೇಜಿನಲ್ಲಿ ಇತಿಹಾಸವೋ ಕನ್ನಡವೋ ಓದುವ ಹುಡುಗಿಗೆ, ಎಂಟು ಸಾವಿರ ರೂಪಾಯಿ ಎಂಟು ತಿಂಗಳ ಮಟ್ಟಿಗೆ ಸಾಕೆನ್ನುವವಳಿಗೆ, ಲಕ್ಷಗಳ ಈ ಮಾತು ಯಾವ ಉಪಯೋಗಕ್ಕೂ ಬರುವುದಿಲ್ಲ.

ಆ ಎಂಟು ಸಾವಿರದ ಪ್ರಶ್ನೆಯನ್ನು ನಮ್ಮ ಜಿಲ್ಲೆ ಹಿಂದೊಮ್ಮೆ ಬಿಡಿಸಿ ತೋರಿಸಿದೆ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಏಷ್ಯಾದಲ್ಲೇ ಮೊದಲನೆಯದೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಶಾಲೆಯ ಮಕ್ಕಳಿಗೆ ಅದನ್ನು ಸಾಮಾನ್ಯ ಜ್ಞಾನದ ಪ್ರಶ್ನೆಯಾಗಿ ಬಾಯಿಪಾಠ ಮಾಡಿಸುತ್ತೇವೆ. ಅದು ಯಾವ ಕಷ್ಟಕ್ಕೆ ಉತ್ತರವಾಗಿ ಹುಟ್ಟಿತೆಂದು ಎಷ್ಟು ಜನ ಯೋಚಿಸಿದ್ದೇವೆ? ಬಿತ್ತನೆಗೂ ಸುಗ್ಗಿಗೂ ನಡುವೆ ರೈತನ ಕೈಯಲ್ಲಿ ಹಣವಿರಲಿಲ್ಲ. ಸುಗ್ಗಿ ಬರುವುದು ಖಂಡಿತವಿದ್ದರೂ ಅಲ್ಲಿಯವರೆಗೆ ಸಾಹುಕಾರನ ಬಾಗಿಲಿಗೆ ಹೋಗಬೇಕಿತ್ತು. ಊರವರೇ ಕೂಡಿ ಹಣ ಹಾಕಿ ಆ ನಡುವಿನ ತಿಂಗಳುಗಳನ್ನು ದಾಟಿಸಿದರು. ಇಂದಿನ ವಿದ್ಯಾರ್ಥಿಯದು ಅದೇ ಕಷ್ಟ. ವೇತನ ಬರುವುದಿದೆ, ಬರುವವರೆಗಿನ ದಾರಿಯಿಲ್ಲ.

ಇಂಥ ನೆರವಿಗೆ ನಮ್ಮ ಸೀಮೆಯಲ್ಲಿ ಬೇರೆ ಉದಾಹರಣೆಯೂ ಇದೆ. 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ತಮ್ಮ ಸಮಾಜದ ಮಕ್ಕಳ ವಿದ್ಯೆಗೆಂದು ಬರೆದಿಟ್ಟು ಹೋದರು. ಆ ಸಮಾಜದ ಹಿರಿಯರು ವಿದ್ಯೆಯನ್ನು ಒಬ್ಬೊಬ್ಬ ತಂದೆಯ ಹೊರೆಯೆಂದು ಬಿಡದೆ ಎಲ್ಲರ ಹೊರೆಯೆಂದು ತಿಳಿದರು. ಅದರ ಫಲ ಉತ್ತರ ಕರ್ನಾಟಕದ ಪ್ರತಿ ಊರಿನಲ್ಲೂ ಕಾಣುತ್ತದೆ. ನೆರವು ನಡುದಾರಿಯಲ್ಲಿ ನಿಂತರೆ ಏನಾಗುತ್ತದೆಂಬುದಕ್ಕೆ ಡಾ. ಅಂಬೇಡ್ಕರರ ಬದುಕೇ ಸಾಕ್ಷಿ. ಬರೋಡಾ ಮಹಾರಾಜರ ವಿದ್ಯಾರ್ಥಿವೇತನ 1913ರಲ್ಲಿ ಅವರನ್ನು ಅಮೆರಿಕೆಯ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಒಯ್ದಿತು. ಮುಂದೆ ಲಂಡನ್ನಿನಲ್ಲಿ ಓದುತ್ತಿದ್ದಾಗ ವೇತನದ ಅವಧಿ ಮುಗಿದು, 1917ರಲ್ಲಿ ಅಧ್ಯಯನವನ್ನು ಅರ್ಧಕ್ಕೆ ಬಿಟ್ಟು ಮರಳಬೇಕಾಯಿತು. ಮತ್ತೆ ಲಂಡನ್ನಿಗೆ ಹೋದದ್ದು 1920ರಲ್ಲಿ, ತಾವು ಉಳಿಸಿದ ಹಣದೊಡನೆ ಗೆಳೆಯರ ಕೈಸಾಲವನ್ನೂ ಸೇರಿಸಿಕೊಂಡು. ಅಂಥ ಮೇಧಾವಿಗೂ ಮೂರು ವರ್ಷ ನಷ್ಟವಾಯಿತು. ಸಾಧಾರಣ ಬುದ್ಧಿಯ ನಮ್ಮ ಮಕ್ಕಳು ಒಮ್ಮೆ ಬಿಟ್ಟರೆ ಮರಳುವುದೇ ಇಲ್ಲ.

ನಮ್ಮಲ್ಲಿ ಸಂತ ವಿನ್ಸೆಂಟ್ ದಿ ಪೌಲರ ಸಭೆಯಿರುವ ಧರ್ಮಕೇಂದ್ರಗಳು ಅನೇಕ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಅದನ್ನು ಆರಂಭಿಸಿದ ಫ್ರೆಡ್ರಿಕ್ ಓಝಾನಂ ಆಗ ಇಪ್ಪತ್ತರ ಹರೆಯದ ವಿಶ್ವವಿದ್ಯಾಲಯದ ವಿದ್ಯಾರ್ಥಿ. ವಿದ್ಯಾರ್ಥಿಗಳೇ ಹುಟ್ಟುಹಾಕಿದ ಸಭೆಯ ಹಣ ಇಂದು ಅಕ್ಕಿಗೆ, ಔಷಧಿಗೆ, ಕಂಬಳಿಗೆ ಹೋಗುತ್ತಿದೆ; ಅದೆಲ್ಲ ಬೇಕಾದದ್ದೇ. ಕಾಲೇಜಿನ ಶುಲ್ಕವನ್ನು ಮಾತ್ರ ಬಡತನದ ಲೆಕ್ಕಕ್ಕೆ ಸೇರಿಸುವುದಿಲ್ಲ. ಕ್ರಿಸ್ಮಸ್ ಹೊತ್ತಿಗೆ ಹತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೈಗೆ ಸಾವಿರ ಸಾವಿರದ ಲಕೋಟೆ ಕೊಟ್ಟು, ಚಿತ್ರ ತೆಗೆಸಿ ಕಳುಹಿಸುವ ಪದ್ಧತಿ ನನಗೆ ಹಿಡಿಸದು. ಅಂದು ಡಿಸೆಂಬರ್. ಶುಲ್ಕದ ದಿನ ಕಳೆದು ಆರು ತಿಂಗಳಾಗಿರುತ್ತದೆ. ಅಷ್ಟೇ ಅಲ್ಲ, ಇಡೀ ಊರೆದುರು ಬಡವಳೆಂದು ನಿಂತು ಚಪ್ಪಾಳೆ ತಟ್ಟಿಸಿಕೊಂಡ ಹುಡುಗಿ ಮರುವರ್ಷ ಆ ಸಾಲಿಗೆ ಬರುವುದಿಲ್ಲ. ಹದಿನೆಂಟರ ವಯಸ್ಸಿಗೆ ಮಾನ ದೊಡ್ಡದು.

ಇದರ ಬದಲು ನಾನು ಕೇಳುವುದು ಒಂದು ಕೈಗಡದ ನಿಧಿ. ನೂರು ಮನೆಗಳ ಧರ್ಮಕೇಂದ್ರವೊಂದರಲ್ಲಿ ಮನೆಗೆ 1600 ರೂಪಾಯಿಯಂತೆ, ತಿಂಗಳಿಗೆ ಹಂಚಿದರೆ ನೂರಮೂವತ್ತು ಚಿಲ್ಲರೆ, ಒಂದು ವರ್ಷ ಮಾತ್ರ ಕೂಡಿಸಿದರೆ 1,60,000 ಆಗುತ್ತದೆ. ಇಪ್ಪತ್ತು ಮಕ್ಕಳಿಗೆ ಎಂಟೆಂಟು ಸಾವಿರ. ಜೂನ್‌ನಲ್ಲಿ ಕೊಡುವುದು, ವೇತನ ಬಂದಾಗ ಬಡ್ಡಿಯಿಲ್ಲದೆ ಮರಳಿ ಪಡೆಯುವುದು, ಮುಂದಿನ ಜೂನ್‌ನಲ್ಲಿ ಬೇರೆಯವರಿಗೆ ಕೊಡುವುದು. ದಾನವಲ್ಲವಾದ್ದರಿಂದ ಪಡೆಯುವವರು ತಲೆ ತಗ್ಗಿಸಬೇಕಾಗಿಲ್ಲ. ಹೆಸರು ಪ್ರಕಟಿಸುವುದು ಬೇಡ, ಚಿತ್ರ ಬೇಡ. ಜಾತಿ, ಮತ ಕೇಳುವುದೂ ಬೇಡ. ಹಿಂದೂ ಮುಸಲ್ಮಾನರು ಒಂದೇ ಗದ್ದುಗೆಗೆ ಬಾಗುವ ಫಕೀರೇಶ್ವರ ಮಠದ ಊರಿನಲ್ಲಿ, ಶಿರಹಟ್ಟಿಯಲ್ಲಿ, ಕ್ರೈಸ್ತರ ನಿಧಿಯೊಂದು ಜ್ಞಾನಸ್ನಾನದ ಪತ್ರ ಕೇಳಿದರೆ ಊರವರು ನಕ್ಕಾರು. ಜೊತೆಗೆ ಏಪ್ರಿಲ್‌ನಿಂದ ಜುಲೈವರೆಗೆ ಭಾನುವಾರದ ಪೂಜೆಯ ನಂತರ ಎರಡು ಗಂಟೆ, ಒಂದು ಗಣಕಯಂತ್ರ, ಅದರ ಮುಂದೆ ನಮ್ಮದೇ ಹಿರಿಯ ವಿದ್ಯಾರ್ಥಿಗಳಿಬ್ಬರು. ಆಧಾರ್ ಜೋಡಣೆ, ಹೆಸರಿನ ತಿದ್ದುಪಡಿ, ಪ್ರವರ್ಗ, ಕೊನೆಯ ದಿನಾಂಕ ಇವನ್ನೆಲ್ಲ ಅವರು ನಮಗಿಂತ ಚೆನ್ನಾಗಿ ಬಲ್ಲರು. ಸೈಬರ್ ಅಂಗಡಿಗಳಲ್ಲಿ ಒಂದು ಅರ್ಜಿಗೆ ನೂರಿನ್ನೂರು ತೆತ್ತು, ತಪ್ಪು ತುಂಬಿಸಿಕೊಂಡು ಬರುವುದು ತಪ್ಪೀತು.

ಹಣ ಮರಳಿ ಬಾರದಿದ್ದರೆ? ಪಾಲನಾ ಪರಿಷತ್ತಿನಲ್ಲಿ ಈ ಪ್ರಶ್ನೆ ಮೊದಲು ಏಳುವುದೆಂದು ನನಗೆ ಗೊತ್ತು. ಕೆಲವರದು ಬಾರದು. ಯಾರದೋ ವೇತನ ಮಂಜೂರಾಗದು, ಯಾರದೋ ಮನೆಯಲ್ಲಿ ಕಾಯಿಲೆ ಬಂದೀತು. ಇಪ್ಪತ್ತರಲ್ಲಿ ನಾಲ್ವರು ಮರಳಿಸಲಾರದೆ ಹೋದರೆ 32,000 ರೂಪಾಯಿ ನಷ್ಟ. ವಾರ್ಷಿಕ ಹಬ್ಬದ ಪೆಂಡಾಲು, ಧ್ವನಿವರ್ಧಕ, ದೀಪಾಲಂಕಾರ, ಪಟಾಕಿಗಳ ಕಳೆದ ಮೂರು ವರ್ಷದ ರಸೀದಿಗಳು ಪ್ರತಿ ಧರ್ಮಕೇಂದ್ರದ ಕಪಾಟಿನಲ್ಲೂ ಇವೆ. ಆ ಸಭೆಗೆ ಅವನ್ನೂ ತನ್ನಿ.